ಬ್ರೇಕಿನ ಎಚ್ಚರಿಕೆ ದೀಪ ಮತ್ತು ಬ್ರೇಕಿನ ಸದ್ದು

ಮೋಟಾರು ಕಾರಿನ ಬ್ರೇಕಿನಲ್ಲಿ ದೋಷ ಹುಟ್ಟಿದಾಗ ಅದು ಚಾಲಕನಿಗೆ ಗೊತ್ತಾಗುವುದು ಕಾಲಡಿಯ ಪೆಡಲಿನಿಂದ, ಚಕ್ರದಿಂದ ಏಳುವ ಸದ್ದಿನಿಂದ ಅಥವಾ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ದೀಪದಿಂದ. ಮೂರರಲ್ಲಿ ದೀಪವೇ ಕೊನೆಗೆ ಬಂದದ್ದು. ದೀಪ ಹತ್ತದಿದ್ದರೆ ಬ್ರೇಕ್ ಸರಿಯಿದೆ ಎಂಬ ನಂಬಿಕೆ ಇಂದು ಎಲ್ಲೆಡೆ ಇದೆ. ದೀಪ ಯಾತಕ್ಕಾಗಿ ಹುಟ್ಟಿತು ಎಂಬುದನ್ನು ಅರಿತರೆ ಆ ನಂಬಿಕೆ ಎಷ್ಟು ಅಪಾಯದ್ದೆಂದು ತಿಳಿಯುತ್ತದೆ.

ಹಳೆಯ ಮೈಸೂರು ಕಡೆಯ ಹಿರಿಯರ ಬಾಯಲ್ಲಿ ಬ್ರೇಕಿಗೆ ‘ಬಿರಿ’ ಎಂಬ ಹೆಸರಿದೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಎತ್ತುಗಳ ಮೇಲೆ ನುಗ್ಗದಂತೆ ಚಕ್ರದ ಕಬ್ಬಿಣದ ಪಟ್ಟಿಗೆ ಮರದ ತುಂಡನ್ನು ಒತ್ತಿ ಹಿಡಿಯುವುದು ಬಿರಿಯ ಕೆಲಸ. ಮೊದಲ ಕಾರುಗಳಲ್ಲಿದ್ದದ್ದೂ ಹೆಚ್ಚುಕಡಿಮೆ ಇದೇ ಏರ್ಪಾಡು. 1888ರಲ್ಲಿ ಬರ್ತಾ ಬೆಂಜ್ ತನ್ನ ಗಂಡ ಕಟ್ಟಿದ ಕಾರನ್ನು ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಓಡಿಸಿಕೊಂಡು ಹೋದಾಗ ಬ್ರೇಕಿನ ಮರದ ತುಂಡುಗಳು ದಾರಿಯಲ್ಲೇ ಸವೆದುಹೋದವು. ಆಕೆ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿದಳು. ಇಂದಿನ ಬ್ರೇಕ್ ಲೈನರಿನ ಮೂಲ ಆ ತೊಗಲಿನಲ್ಲಿದೆ.

ಡಿಸ್ಕ್ ಬ್ರೇಕಿನ ಸದ್ದು ಡಿಸ್ಕ್ ಬ್ರೇಕಿನಷ್ಟೇ ಹಳೆಯದು. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಲೋಹದ ತಟ್ಟೆಯನ್ನು ಲೋಹವೇ ಕಚ್ಚುತ್ತಿದ್ದುದರಿಂದ ಅದರ ಕಿರುಚಾಟ ಸಹಿಸಲಾಗದಷ್ಟಿತ್ತು. ಅದೇ ವರ್ಷ ಫ್ರಾನ್ಸಿನ ಲೂಯಿ ರೆನೊ ರೂಪಿಸಿದ ಡ್ರಮ್ ಬ್ರೇಕು ಮುಂದಿನ ಐವತ್ತು ವರ್ಷ ಆಳಿತು. ಹರ್ಬರ್ಟ್ ಫ್ರೂಡ್ ತಯಾರಿಸಿದ ಆಸ್ಬೆಸ್ಟಾಸ್ ಲೈನಿಂಗು ಕಿರುಚಾಟವನ್ನು ಬಹಳ ಮಟ್ಟಿಗೆ ಅಡಗಿಸಿತು. ಆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷವೆಂಬುದು ಜಗತ್ತಿಗೆ ಮನದಟ್ಟಾಗಲು ದಶಕಗಳೇ ಹಿಡಿದವು. ಹಳೆಯ ಗಾಡಿಯ ಡ್ರಮ್ ಬಿಚ್ಚಿ ಒಳಗಿನ ಪುಡಿಯನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದುವ ಅಭ್ಯಾಸ ಈಗಲೂ ಕಾಣುತ್ತದೆ. ಅದನ್ನು ಬಿಡಲೇಬೇಕು, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ದೀಪದ ಕಥೆ ಬ್ರೇಕ್ ಆಯಿಲಿನಿಂದ ಶುರುವಾಗುತ್ತದೆ. ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಹೈಡ್ರಾಲಿಕ್ ಬ್ರೇಕು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂತು. ಪೆಡಲಿನ ಒತ್ತಡವನ್ನು ಆಯಿಲ್ ನಾಲ್ಕು ಕಡೆಗೂ ಸಮನಾಗಿ ಹಂಚುತ್ತಿತ್ತು. ಆದರೆ ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರ ಕೈಕೊಡುತ್ತಿದ್ದವು. ಇದಕ್ಕೆ ಪರಿಹಾರವಾಗಿ 1960ರ ದಶಕದಲ್ಲಿ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರನ್ನು ಇಬ್ಭಾಗ ಮಾಡಿ, ಒಂದು ದಾರಿ ಸೋರಿದರೂ ಇನ್ನೊಂದು ಹಿಡಿಯುವಂತೆ ಮಾಡಿದರು. ಆಗ ಹೊಸ ತೊಡಕೊಂದು ಎದುರಾಯಿತು: ಅರ್ಧ ಬ್ರೇಕು ಸತ್ತಿದ್ದರೂ ಕಾರು ನಿಲ್ಲುತ್ತಿತ್ತು, ಚಾಲಕ ಏನೂ ಆಗಿಲ್ಲವೆಂದು ಮುಂದೆ ಸಾಗುತ್ತಿದ್ದ. ಅದಕ್ಕೇ ಎರಡು ದಾರಿಗಳ ಒತ್ತಡದಲ್ಲಿ ವ್ಯತ್ಯಾಸ ಬಂದೊಡನೆ ಕೆಂಪು ದೀಪ ಹತ್ತಿಸುವ ಸ್ವಿಚ್ಚನ್ನು ಕೂರಿಸಿದರು. ಅಮೆರಿಕ 1968ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಅಂದರೆ ಬ್ರೇಕನ್ನು ಹೆಚ್ಚು ಭದ್ರ ಮಾಡಿದ್ದರಿಂದಲೇ ದೀಪ ಬೇಕಾಯಿತು. ಈ ಚರಿತ್ರೆಯಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಇದೇ.

ಕರ್ನಾಟಕದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂದಾಗ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇತ್ತು. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800ರದ್ದೂ ಅದೇ ಕಥೆ. ಆ ಕಾಲದ ಚಾಲಕರು ಕಾಲಿನಿಂದಲೇ ರೋಗ ಹಿಡಿಯುತ್ತಿದ್ದರು. ಪೆಡಲ್ ಮೆತ್ತಗಿದ್ದರೆ ಲೈನಿಗೆ ಗಾಳಿ ಹೊಕ್ಕಿದೆ, ಏರ್ ತೆಗೆಸಬೇಕು. ನಿಧಾನವಾಗಿ ತಳಕ್ಕಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ. ಗಾಡಿ ಒಂದು ಕಡೆಗೆ ಎಳೆದರೆ ಒಂದು ಚಕ್ರದ ವೀಲ್ ಸಿಲಿಂಡರ್ ಸೋರಿದೆ ಅಥವಾ ಜಾಮಾಗಿದೆ. ಎರಡು ಮೂರು ಸಲ ‘ಪಂಪ್ ಹೊಡೆದು’ ಬ್ರೇಕ್ ಹಿಡಿಸುವುದು ಆಗಿನ ಕೈಚಳಕ. ಬ್ರೇಕ್ ಹಿಡಿದಾಗ ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ ಇರುವ ಇಂದಿನ ಕಾರಿನಲ್ಲಿ ಅದೇ ಅಭ್ಯಾಸ ಮುಳುವಾಗುತ್ತದೆ. ಅಲ್ಲಿ ಪೆಡಲನ್ನು ಬಲವಾಗಿ ಒತ್ತಿ ಹಿಡಿದೇ ಇರಬೇಕು. ಕಾಲಡಿ ಕಟಕಟ ಎಂದು ಮಿಡಿಯುವುದು ದೋಷವಲ್ಲ, ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂದಾಗ ಅದರ ಜೊತೆಗೆ ಅದರದೇ ಎಚ್ಚರಿಕೆ ದೀಪವೂ ಬಂತು. ಭಾರತದಲ್ಲಿ 2019ರ ಏಪ್ರಿಲ್ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು.

ಮದ್ದೂರು–ಮಂಡ್ಯ ನಡುವೆ ಹೆದ್ದಾರಿಯ ಮೇಲೇ ಇರುವ ಹನಕೆರೆಯ ಆಸುಪಾಸು, ಬ್ರೇಕಿನ ಸದ್ದು ಚಾಲಕನ ಕಿವಿಯಿಂದ ಹೇಗೆ ಮರೆಯಾಯಿತು ಎಂಬುದಕ್ಕೆ ಪಾಠಶಾಲೆಯಂತಿದೆ. ಹಳೆಯ ಬೆಂಗಳೂರು–ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಒಳಗೇ ಹಾದುಹೋಗುತ್ತಿತ್ತು. ಹಂಪುಗಳು, ಬಸ್ ಸ್ಟ್ಯಾಂಡುಗಳು, ಕಬ್ಬಿನ ಗಾಡಿಗಳು; ಹೆಜ್ಜೆಗೊಂದು ಬ್ರೇಕು. ವೇಗ ಕಡಿಮೆಯಿದ್ದುದರಿಂದ ಸಣ್ಣ ಕಿರಗುಟ್ಟುವಿಕೆಯೂ ಕಿವಿಗೆ ಬೀಳುತ್ತಿತ್ತು, ದೋಷ ಚಿಕ್ಕದಿರುವಾಗಲೇ ಬಯಲಾಗುತ್ತಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ ಊರುಗಳನ್ನು ಬದಿಗೆ ಬಿಟ್ಟು ಓಡುತ್ತದೆ. ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಚಕ್ರದ ಸದ್ದು ಕೇಳುವುದಿಲ್ಲ. ಕೊನೆಗೊಮ್ಮೆ ಬ್ರೇಕ್ ಹಿಡಿದಾಗ ಅದರ ಮೇಲೆ ಬೀಳುವ ಹೊರೆ 50ರ ವೇಗದಲ್ಲಿದ್ದದ್ದರ ನಾಲ್ಕು ಪಟ್ಟು. 1,200 ಕಿಲೋ ತೂಕದ ಕಾರನ್ನು 100ರಿಂದ ನಿಲ್ಲಿಸುವಾಗ ಹುಟ್ಟುವ ಶಾಖ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು. ಹಳತಾಗಿ ತೇವ ಹೀರಿದ ಬ್ರೇಕ್ ಆಯಿಲ್ ಇಂಥ ಬಿಸಿಗೆ ಬೇಗ ಕುದಿಯುತ್ತದೆ: ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತಾಳಬೇಕೆಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಆ ಗಳಿಗೆಯವರೆಗೂ ಯಾವ ದೀಪವೂ ಹತ್ತಿರುವುದಿಲ್ಲ.

ವೃತ್ತದೊಳಗೆ ಆಶ್ಚರ್ಯಸೂಚಕ, ವೃತ್ತದ ಇಕ್ಕೆಲದಲ್ಲಿ ಕಮಾನಿನಂಥ ಗೆರೆಗಳಿರುವ ಕೆಂಪು ದೀಪ ಹತ್ತಿದರೆ ಮೊದಲು ಹ್ಯಾಂಡ್ ಬ್ರೇಕ್ ಪೂರಾ ಇಳಿದಿದೆಯೇ ನೋಡಬೇಕು. ಇಳಿದಿದ್ದೂ ದೀಪ ಆರದಿದ್ದರೆ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ಇಲ್ಲೇ ದೊಡ್ಡ ತಪ್ಪು ನಡೆಯುವುದು. ಡಿಸ್ಕನ್ನು ಕಚ್ಚುವ ಪ್ಯಾಡ್ ಸವೆದಂತೆಲ್ಲ, ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಸರಿಯುತ್ತದೆ, ಆ ಜಾಗವನ್ನು ಆಯಿಲ್ ತುಂಬುತ್ತದೆ, ಡಬ್ಬಿಯ ಮಟ್ಟ ಇಳಿದು ತೇಲುಬಿರಡೆ ದೀಪ ಹತ್ತಿಸುತ್ತದೆ. ಮೇಲಿನಿಂದ ಆಯಿಲ್ ಸುರಿದು ದೀಪ ಆರಿಸಿಬಿಟ್ಟರೆ ಸವೆದ ಪ್ಯಾಡಿನ ಒಂದು ಸಾಕ್ಷಿಯನ್ನು ಅಳಿಸಿದಂತೆ. ಪ್ಯಾಡ್ ಗಟ್ಟಿಯಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಅಂಥ ಗಾಡಿಯನ್ನು ಓಡಿಸಬಾರದು. ಎಬಿಎಸ್‌ನ ಹಳದಿ ದೀಪ ಒಂದೇ ಹತ್ತಿದರೆ ಸಾಮಾನ್ಯ ಬ್ರೇಕು ಹಿಡಿಯುತ್ತದೆ. ಕೆಂಪೂ ಹಳದಿಯೂ ಕೂಡಿ ಹತ್ತಿದರೆ ಹಿಂಚಕ್ರಗಳಿಗೆ ಒತ್ತಡ ಹಂಚುವ ಏರ್ಪಾಡೂ ಹೋಗಿರಬಹುದು, ಗಾಡಿಯನ್ನು ಬದಿಗೆ ಹಾಕುವುದೇ ಸರಿ. ಕೀ ತಿರುಗಿಸಿದಾಗ ಕ್ಷಣಕಾಲವೂ ಹೊಳೆಯದ ದೀಪವೂ ದೋಷವೇ.

ಸದ್ದಿನ ಭಾಷೆ ಬೇರೆ. ಬ್ರೇಕ್ ಹಿಡಿದಾಗ ಅಥವಾ ಓಡುತ್ತಿರುವಾಗಲೇ ಸಣ್ಣಗೆ ‘ಕೀ’ ಎನ್ನುವುದು ಬಹುತೇಕ ಪ್ಯಾಡಿಗೆ ಬೇಕೆಂದೇ ಹಾಕಿರುವ ತಗಡಿನ ನಾಲಗೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಅದನ್ನು ಕೇಳದೆ ಬಿಟ್ಟರೆ ಮುಂದಿನದು ‘ಗರಗರ’, ಪ್ಯಾಡಿನ ಕಬ್ಬಿಣದ ಬೆನ್ನು ಡಿಸ್ಕನ್ನು ಉಜ್ಜುವ ಸದ್ದು. ಆ ಹೊತ್ತಿಗೆ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ಸೇರಿರುತ್ತದೆ. ಮಳೆಯಲ್ಲಿ ನೆನೆದ ಕಾರು ಬೆಳಿಗ್ಗೆ ಮೊದಲೆರಡು ಬ್ರೇಕಿಗೆ ಕರಕರ ಎಂದು ಆಮೇಲೆ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಹೆದರಬೇಕಿಲ್ಲ. ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಿದರೆ ಬಹುತೇಕ ಡಿಸ್ಕಿನ ದಪ್ಪ ಒಂದೇ ಸಮ ಉಳಿದಿಲ್ಲ.

ಮಂಡ್ಯ ಸೀಮೆಯಲ್ಲಿ ಕೇಳಿಬರುವ ಇನ್ನೊಂದು ಸದ್ದಿದೆ. ಸುಗ್ಗಿಯ ಕಾಲದಲ್ಲಿ ಒಳರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುತ್ತಾರೆ. ಕಾರು ಅದರ ಮೇಲೆ ಹಾದಾಗ ಹುಲ್ಲು ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಂಡು ಚಕ್ರದ ಬಳಿ ಸರಸರ, ಪಟಪಟ ಎನ್ನುತ್ತದೆ. ಇದನ್ನು ಬ್ರೇಕಿನ ದೋಷವೆಂದುಕೊಂಡು ಮುಂದಿನ ಊರಿನ ಗ್ಯಾರೇಜಿನವರೆಗೆ ಹೋಗೋಣವೆನ್ನುವುದು ಬಹಳ ಅಪಾಯ. ಒಣಹುಲ್ಲು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ತಕ್ಷಣ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ, ಆಮೇಲೆ ಬಗ್ಗಿ ನೋಡಬೇಕು. ಹಾಗೆ ಸುತ್ತಿದ ಹುಲ್ಲು ಚಕ್ರದ ಪಕ್ಕದ ಸೆನ್ಸರಿನ ವೈರನ್ನು ಎಳೆದು ಕಿತ್ತರೆ ಎಬಿಎಸ್ ದೀಪವೂ ಹತ್ತುತ್ತದೆ. ಗದ್ದೆ ಬದಿಯ ಕೆಸರು ಅದೇ ಸೆನ್ಸರಿಗೆ ಮೆತ್ತಿಕೊಂಡಾಗಲೂ ಹಾಗೆಯೇ. ತೊಳೆದು ಸ್ವಲ್ಪ ದೂರ ಓಡಿಸಿದರೆ ಎಷ್ಟೋ ಸಲ ದೀಪ ತಾನಾಗಿ ಆರುತ್ತದೆ.