ದೊರೆ ಹಾಕಿದ ಹೊಗೆಸುಂಕ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ 'ಸಿಗರೇಟು ತುಟ್ಟಿ' ಎಂಬ ಸಾಲು ನಮಗೆಲ್ಲ ಚಿರಪರಿಚಿತ. ಸೇದುವವರು ಗೊಣಗುತ್ತಾರೆ, ಅವರ ಮನೆಯವರು ಒಳಗೊಳಗೇ ಸಂತೋಷಪಡುತ್ತಾರೆ. ತೆರಿಗೆ ಹೇರಿ ಚಟ ಬಿಡಿಸುವ ಈ ಉಪಾಯ ನಮ್ಮ ಕಾಲದ ತಜ್ಞರ ಶೋಧವೇನಲ್ಲ. ನಾಲ್ಕು ಶತಮಾನಗಳ ಹಿಂದೆಯೇ ಇಂಗ್ಲೆಂಡಿನ ದೊರೆಯೊಬ್ಬ ಇದನ್ನು ಪ್ರಯೋಗಿಸಿ ನೋಡಿದ್ದ.

1603ರಲ್ಲಿ ಇಂಗ್ಲೆಂಡಿನ ಪಟ್ಟವೇರಿದ ಒಂದನೆಯ ಜೇಮ್ಸ್‌ಗೆ ತಂಬಾಕೆಂದರೆ ಆಗದು. ಮರುವರ್ಷವೇ ಅದನ್ನು ಖಂಡಿಸಿ, ತನ್ನ ಹೆಸರು ಹಾಕದೆ, ಒಂದು ಕಿರುಹೊತ್ತಗೆ ಪ್ರಕಟಿಸಿದ. ಹೊಗೆಯಿಂದ ಶ್ವಾಸಕೋಶಕ್ಕೆ ಅಪಾಯವೆಂದು ಅದರಲ್ಲಿ ಬರೆದಿದ್ದಾನೆ. ಎಷ್ಟೋ ವೈದ್ಯರು ತಂಬಾಕನ್ನೇ ಮದ್ದೆಂದು ಕೊಡುತ್ತಿದ್ದ ಕಾಲ ಅದು. ದೊರೆಯ ಮಾತು ನಿಜವೆಂದು ಸಾಬೀತಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಆತ ಬರೆದು ಸುಮ್ಮನಾಗಲಿಲ್ಲ. 1604ರ ಅಕ್ಟೋಬರಿನಲ್ಲಿ, ಪೌಂಡು ತಂಬಾಕಿಗೆ 2 ಪೆನ್ಸ್ ಇದ್ದ ಆಮದು ಸುಂಕದ ಮೇಲೆ ಇನ್ನೂ 6 ಶಿಲಿಂಗ್ 8 ಪೆನ್ಸ್ ಹೇರಿದ. ಶಿಲಿಂಗಿಗೆ 12 ಪೆನ್ಸ್. ಅಂದರೆ 2 ಇದ್ದದ್ದು ಒಂದೇ ಏಟಿಗೆ 82! ನಲವತ್ತೊಂದು ಪಟ್ಟು. ಆಜ್ಞೆ ಕೊಟ್ಟ ಕಾರಣವೂ ಸ್ವಾರಸ್ಯವಾಗಿದೆ: ಕುಲೀನರು ತಂಬಾಕನ್ನು ಔಷಧಿಯಾಗಿ ಹಿತಮಿತವಾಗಿ ಬಳಸುತ್ತಾರೆ, ಕೆಳದರ್ಜೆಯ ಜನ ಅದರಲ್ಲಿ ದುಡಿಮೆಯನ್ನೂ ಆರೋಗ್ಯವನ್ನೂ ಸುಟ್ಟುಕೊಳ್ಳುತ್ತಾರೆ. ಆದ್ದರಿಂದ ಉಳ್ಳವರು ಕೊಳ್ಳಲಿ, ಬಡವರು ಬಿಡಲಿ ಎಂಬುದು ದೊರೆಯ ಲೆಕ್ಕ.

ಜನ ಬಿಡಲಿಲ್ಲ. ಅರಸ ಚಾಪೆಯ ಕೆಳಗೆ ನುಸುಳಿದರೆ ವರ್ತಕರು ರಂಗೋಲಿಯ ಕೆಳಗೆ ನುಸುಳಿದರು. ಸರಕು ಕಳ್ಳದಾರಿಯಲ್ಲಿ ಬಂತು. ಇಂಗ್ಲೆಂಡಿನ ಹೊಲಗಳಲ್ಲೇ ಹೊಗೆಸೊಪ್ಪು ಬೆಳೆಯಿತು. ಕಟ್ಟದ ಸುಂಕದಿಂದ ಬೊಕ್ಕಸಕ್ಕೇನು ಬಂತು? ನಾಲ್ಕೇ ವರ್ಷಗಳಲ್ಲಿ ದೊರೆ ಸುಂಕವನ್ನು ಬಹುಮಟ್ಟಿಗೆ ಇಳಿಸಬೇಕಾಯಿತು.

ಮುಂದಿನದು ಇನ್ನೂ ವಿಚಿತ್ರ. 1612ರ ಸುಮಾರಿಗೆ ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ ಜಾನ್ ರಾಲ್ಫ್ ಎಂಬಾತ ಒಳ್ಳೆಯ ತಳಿಯ ತಂಬಾಕು ಬೆಳೆಯತೊಡಗಿದ. ಸಾಯುವ ಸ್ಥಿತಿಯಲ್ಲಿದ್ದ ವಸಾಹತು ಅದರಿಂದಲೇ ಚೇತರಿಸಿಕೊಂಡಿತು. 1619ರಲ್ಲಿ ಜೇಮ್ಸ್ ಇಂಗ್ಲೆಂಡಿನೊಳಗೆ ತಂಬಾಕು ಬೆಳೆಯುವುದನ್ನು ನಿಷೇಧಿಸಿದ. ಪ್ರಜೆಗಳ ಶ್ವಾಸಕೋಶದ ಚಿಂತೆಗಿಂತ, ಬಂದರಿನಲ್ಲಿ ಇಳಿಯುವ ಸೊಪ್ಪಿಗೆ ಸುಂಕ ಸಿಗುತ್ತದೆ, ಹೊಲದಲ್ಲಿ ಬೆಳೆದದ್ದಕ್ಕೆ ಸಿಗದು ಎಂಬ ಚಿಂತೆ ದೊಡ್ಡದಾಗಿತ್ತು. 1624ರಲ್ಲಿ ತಂಬಾಕಿನ ವ್ಯಾಪಾರವನ್ನೇ ರಾಜಮನೆತನದ ಏಕಸ್ವಾಮ್ಯವೆಂದು ಸಾರಿದ. ಹೊಗೆಯನ್ನು ಹಳಿದು ಹೊತ್ತಗೆ ಬರೆದ ಅದೇ ದೊರೆ! ಪ್ರಜೆಗಳ ಚಟ ಬಿಡಿಸಲು ಹೊರಟ ಬೊಕ್ಕಸಕ್ಕೇ ಚಟ ಹತ್ತಿತ್ತು.

ಜೇಮ್ಸ್ ಸುಂಕ ಏರಿಸಿದ ಹೊತ್ತಿನಲ್ಲೇ ನಮ್ಮ ನಾಡಿನಿಂದಲೂ ಒಂದು ತಂಬಾಕಿನ ಕಥೆ ಹೊರಟಿತ್ತು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಳಿಗೆ ಬಂದಿದ್ದ ಮೊಗಲ ರಾಯಭಾರಿ ಅಸದ್ ಬೇಗ್ ಅಲ್ಲಿ ತಂಬಾಕು ಕಂಡು, ರತ್ನಖಚಿತ ಕೊಳವೆಯೊಂದಿಗೆ ಅಕ್ಬರನಿಗೆ ಒಪ್ಪಿಸಿದ. ಬಾದಶಹ ಕೆಲವು ದಮ್ಮು ಎಳೆದ, ಆಸ್ಥಾನವೈದ್ಯ ಬೇಡವೆಂದ, ಅಕ್ಬರ್ ಬಿಟ್ಟ, ಸರದಾರರು ಹಿಡಿದರು. 1617ರಲ್ಲಿ ಜಹಾಂಗೀರ್ ಧೂಮಪಾನವನ್ನು ನಿಷೇಧಿಸಿದರೂ ಹುಕ್ಕಾ ಆರಲಿಲ್ಲ.

ಹಾಗಾದರೆ ಸುಂಕದಿಂದ ಪ್ರಯೋಜನವೇ ಇಲ್ಲವೆ? ಇದೆ. ಬೆಲೆ ಶೇಕಡಾ 10 ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು ಶೇಕಡಾ 5ರಷ್ಟು ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹದಿಹರೆಯದವರು, ಬಡವರು ಬೇಗ ಬಿಡುತ್ತಾರೆ. ಆದರೆ ಪಕ್ಕದಲ್ಲೇ ಅಗ್ಗದ ಹೊಗೆ ಸಿಗಬಾರದು. ನಮ್ಮಲ್ಲಿ ಅದು ಬೀಡಿಯ ರೂಪದಲ್ಲಿ ಸಿಗುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೆ ತೆರಿಗೆಯ ಮೇಲೆ ಸೆಸ್ಸೂ ಬಿತ್ತು, ಬೀಡಿಗೆ ಸೆಸ್ ಬೀಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿನ ದರವನ್ನು ಶೇಕಡಾ 40ಕ್ಕೆ ಏರಿಸಲು, ಬೀಡಿಯದನ್ನು 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಲಕ್ಷಾಂತರ ಹೆಂಗಸರ ಅನ್ನದ ಪ್ರಶ್ನೆ ಇದರ ಹಿಂದಿದೆ, ಅದು ಸಣ್ಣದಲ್ಲ. ಆದರೆ ಬೀಡಿ ಸೇದುವ ಕೂಲಿಯವನ ಶ್ವಾಸಕೋಶ ಸಿಗರೇಟಿನವನದಕ್ಕಿಂತ ಗಟ್ಟಿಯೇನಲ್ಲ. ಬಡವನನ್ನು ಹೊಗೆಯಿಂದ ದೂರವಿಡಲು ಜೇಮ್ಸ್ ಸುಂಕ ಹೂಡಿದ್ದ; ನಮ್ಮ ಸುಂಕ ಬಡವನ ಹೊಗೆಯನ್ನೇ ಅಗ್ಗವಾಗಿ ಉಳಿಸಿದೆ.