ಎಣಿಸಿದ ಮೀನು, ಹೆಸರು ತಪ್ಪಿದ ಮೀನು: ಕಾವೇರಿ ಕಣಿವೆಯ ಮೀನೆಣಿಕೆಯ ಚರಿತ್ರೆ

ಹೊಳೆಯಲ್ಲಿ ಮೀನು ಎಷ್ಟಿದೆ ಎಂದು ತಿಳಿಯುವುದು ಕಾಡಿನಲ್ಲಿ ಆನೆ ಎಷ್ಟಿವೆ ಎಂದು ತಿಳಿಯುವುದಕ್ಕಿಂತ ಕಷ್ಟ. ಆನೆ ಕಣ್ಣಿಗೆ ಬೀಳುತ್ತದೆ, ಲದ್ದಿ ಬಿಡುತ್ತದೆ, ದಾರಿ ತುಳಿಯುತ್ತದೆ. ಮೀನು ಬಲೆಗೋ ಗಾಳಕ್ಕೋ ಬಿದ್ದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನದಿ ಮೀನುಗಳ ಎಣಿಕೆಯ ಚರಿತ್ರೆಯೆಂದರೆ ಹಿಡಿದವರ ಚರಿತ್ರೆಯೇ: ಯಾರು ಹಿಡಿದರು, ಯಾವುದರಿಂದ ಹಿಡಿದರು, ಹಿಡಿದದ್ದನ್ನು ಯಾವ ಹೆಸರಿನಿಂದ ಬರೆದಿಟ್ಟರು. ಈ ಮೂರನೆಯ ಪ್ರಶ್ನೆಯನ್ನು ನಮ್ಮ ಸಂರಕ್ಷಣೆಯ ಚರ್ಚೆಗಳು ಬಹುಕಾಲ ಹಗುರವಾಗಿ ಕಂಡಿವೆ ಎಂಬುದೇ ಈ ಲೇಖನದ ವಾದ. ಕಾವೇರಿಯ ಮಹಶೀರ್ ಮೀನಿನ ಕಥೆಯೇ ಅದಕ್ಕೆ ಸಾಕ್ಷಿ.

ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ವಿಜ್ಞಾನದ ಕ್ರಮದಲ್ಲಿ ಪಟ್ಟಿ ಮಾಡಿದ ಮೊದಲಿಗರಲ್ಲಿ ಟಿ. ಸಿ. ಜೆರ್ಡನ್ ಒಬ್ಬರು. ಅವರ ಲೇಖನ 1849ರದು. ಯಾವ ಮೀನು ಎಲ್ಲಿದೆ ಎಂಬುದು ಅದರಲ್ಲಿ ಸಿಗುತ್ತದೆ, ಎಷ್ಟಿದೆ ಎಂಬುದು ಸಿಗುವುದಿಲ್ಲ. ಪ್ರಮಾಣದ ಪ್ರಶ್ನೆಯನ್ನು ಸರ್ಕಾರದ ಮಟ್ಟದಲ್ಲಿ ಎತ್ತಿದವರು ಸೇನಾ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ. ಹೊಳೆಗಳಲ್ಲಿ ಮೀನು ಹೆಚ್ಚಿದೆಯೋ ಇಳಿದಿದೆಯೋ, ಮರಿಮೀನು ಹಿಡಿಯುವ ರೂಢಿ ಉಂಟೋ, ಬಳಕೆಯಲ್ಲಿರುವ ಬಲೆಯ ಕಣ್ಣು ಎಷ್ಟು ಕಿರಿದು ಎಂದು ಅಧಿಕಾರಿಗಳಿಂದ ಉತ್ತರ ತರಿಸಿ 1873ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿರುವುದು ಎಣಿಕೆಯಲ್ಲ, ಅಭಿಪ್ರಾಯ. ಆದರೂ ಬಲೆಯ ಕಣ್ಣಿನ ಅಳತೆ ಕೇಳಿದ್ದು ಸಣ್ಣ ಸಂಗತಿಯಲ್ಲ. ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ಮೀನು ಸಿಕ್ಕಿಬೀಳುತ್ತಿದೆಯೇ ಎಂಬುದು ಆ ಒಂದು ಅಳತೆಯಿಂದ ಗೊತ್ತಾಗುತ್ತದೆ.

ಅದೇ ಕಾಲಕ್ಕೆ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಜಿಲ್ಲೆಯ ಮೀನು ಸಂಪತ್ತಿನ ಬಗ್ಗೆ 1870ರಲ್ಲಿ ವರದಿ ಬರೆದರು. ಮುಂದೆ ಗಾಳದ ಬೇಟೆಯ ಬಗ್ಗೆ ಅವರು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಲ್ಲಿಂದ ಮಹಶೀರ್ ಮೀನಿನ ದಾಖಲೆ ವಿಜ್ಞಾನಿಗಳ ಕೈಯಿಂದ ಹವ್ಯಾಸಿ ಬೇಟೆಗಾರರ ಕೈಗೆ ಜಾರಿತು. ಅವರು ಬರೆದಿಟ್ಟದ್ದು ದೊಡ್ಡ ಮೀನುಗಳನ್ನು ಮಾತ್ರ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಹಿಡಿದ 120 ಪೌಂಡ್ ತೂಕದ ಮೀನು, ಅಂದರೆ ಸುಮಾರು 54 ಕಿಲೋ, ಇಂದಿಗೂ ಮಾತಿನಲ್ಲಿದೆ. ಅದೇ ವರ್ಷ ಅದೇ ನೀರಿನಲ್ಲಿ ಅಂಗೈಯಗಲದ ಮರಿಗಳು ಎಷ್ಟಿದ್ದವು? ಗೋಡೆಗೆ ತಗಲಿಸಿದ ಮೀನಿನ ತಲೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಒಂದು ಸಂತತಿ ಉಳಿಯುತ್ತದೋ ಇಲ್ಲವೋ ಎಂದು ಹೇಳುವುದು ಮುದಿ ಮೀನಲ್ಲ, ಮರಿ.

ಇನ್ನೊಂದು ಎಳೆ ಬೆಂಗಳೂರಿನದೇ. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್ 1920ರಲ್ಲಿ ಮೈಸೂರು ಸೀಮೆಯ ಹೊಸ ಮೀನು ಪ್ರಭೇದಗಳನ್ನು ವಿವರಿಸಿದರು. ಕಲ್ಲಿಗೆ ಅಂಟಿಕೊಂಡು ಬದುಕುವ ಗಾರ್ರಾ ಬೈಕಾರ್ನುಟಾ ಅವುಗಳಲ್ಲೊಂದು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಮುಂದೆ ಬಿ. ಎಸ್. ಭೀಮಾಚಾರ್ ಮತ್ತು ಅವರ ಸಹಲೇಖಕರು 1941ರಲ್ಲಿ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಸೀಮೆಯ ಮೀನುಗಳ ಪಟ್ಟಿ ಹೊರತಂದರು. ಪಶ್ಚಿಮ ಘಟ್ಟದ ತೊರೆಮೀನುಗಳ ಹಂಚಿಕೆಯನ್ನು ಕುರಿತ ಭೀಮಾಚಾರ್ ಅವರ 1945ರ ಲೇಖನವನ್ನು ಈಗಲೂ ಓದಬೇಕು. ಇವರ ಶಿಸ್ತು ಬೇಟೆಗಾರರದಕ್ಕೆ ತೀರ ವಿರುದ್ಧ: ತೂಕವಲ್ಲ, ರೆಕ್ಕೆಯ ಕಡ್ಡಿ ಎಷ್ಟು, ಪಕ್ಕದ ಸಾಲಿನಲ್ಲಿ ಹುರುಪೆ ಎಷ್ಟು, ಮೀಸೆ ಎಷ್ಟು ಜೊತೆ. ಕಾವೇರಿಯ ಮಟ್ಟಿಗೆ ಈ ಎರಡು ಶಿಸ್ತುಗಳು ಬಹುಕಾಲ ಒಂದನ್ನೊಂದು ಮುಟ್ಟಲೇ ಇಲ್ಲ. ಅದರ ಬೆಲೆ ತೆತ್ತದ್ದು ಮೀನು.

ಸ್ವಾತಂತ್ರ್ಯದ ನಂತರ ನದಿಯೇ ಬದಲಾಯಿತು. ಕನ್ನಂಬಾಡಿ ಕಟ್ಟೆ ಆಗಲೇ ಇತ್ತು; ಕಬಿನಿ, ಹೇಮಾವತಿ, ಹಾರಂಗಿ ಅಣೆಕಟ್ಟುಗಳು ಸೇರಿಕೊಂಡವು. ಮುಂಗಾರಿನ ಹೊಸನೀರಿಗೆ ಎದುರೀಜಿ ಮೊಟ್ಟೆಯಿಡುವ ಮೀನಿಗೆ ದಾರಿ ಮುಚ್ಚಿತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದ್ದರೂ ಮಡುಗಳಲ್ಲಿ ಸಿಡಿತ ನಿಲ್ಲಲಿಲ್ಲ. ಇಳಿಮುಖವಾದ ಮಹಶೀರ್ ಸಂಖ್ಯೆಯನ್ನು ತುಂಬಲು ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆ ಕೃತಕವಾಗಿ ಬೆಳೆಸುತ್ತಿದ್ದ ಮರಿಗಳು 1970ರ ದಶಕದಿಂದ ಬೇರೆ ಬೇರೆ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಅವು ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬ ಪ್ರಕೃತಿಶಾಸ್ತ್ರಜ್ಞ ಪುಣೆಯ ಸೀಮೆಯಿಂದ ವಿವರಿಸಿದ, ನೀಲಿ ಛಾಯೆಯ ರೆಕ್ಕೆಯ ಮಹಶೀರ್. ಕಾವೇರಿಯ ಮೂಲನಿವಾಸಿಯೋ ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಬೇರೆಯೇ ಮೀನು. ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಎರಡನ್ನೂ ಮಹಶೀರ್ ಎಂಬ ಒಂದೇ ಹೆಸರಿನಡಿ ನೋಡಿದ್ದರಿಂದ ಎಡವಟ್ಟಾಯಿತು.

ಇನ್ನು ಎಣಿಕೆಯ ನಿಜವಾದ ಅಧ್ಯಾಯ. ಕಾವೇರಿ ವನ್ಯಧಾಮದೊಳಗೆ ಭೀಮೇಶ್ವರಿ, ದೊಡ್ಡಮಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳಿದ್ದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಬಿಡುವುದು ಅಲ್ಲಿನ ನಿಯಮ. ಹರಿಗೋಲು ಹಾಕಿ ಮಡು ತೋರಿಸುವವರು, ರಾಗಿ ಹಿಟ್ಟನ್ನು ಬೇಯಿಸಿ ಗಟ್ಟಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುವವರು ಸ್ಥಳೀಯರೇ. ಗಾಳಿಬೋರೆಯ ದಿನಚರಿ ಪುಸ್ತಕಗಳು ಉಳಿದಿದ್ದವು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅವನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳದ ಶ್ರಮ, 6,161 ಮಹಶೀರ್, ತೂಕ 1 ಪೌಂಡಿನಿಂದ 104 ಪೌಂಡಿನವರೆಗೆ. ಭಾಗಿಸಿ ನೋಡಿದರೆ ಸರಾಸರಿ ನಾಲ್ಕು ಗಂಟೆಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಮೀನು.

ಈ ಭಾಗಾಕಾರದಲ್ಲೇ ವಿಧಾನದ ಜೀವಾಳವಿದೆ. ಒಂದು ವರ್ಷ 300 ಮೀನು, ಮುಂದಿನ ವರ್ಷ 500 ಸಿಕ್ಕವು ಎಂದರೆ ಏನೂ ತಿಳಿಯದು. ಗಾಳ ಹಾಕಿದವರೇ ಇಮ್ಮಡಿಯಾಗಿರಬಹುದು. ಅದಕ್ಕೇ ಸಿಕ್ಕದ್ದನ್ನು ಶ್ರಮದಿಂದ ಭಾಗಿಸಬೇಕು. ಕಾವೇರಿಯಂಥ ಬಂಡೆಗಳ, ಆಳ ಮಡುಗಳ ನದಿಯಲ್ಲಿ ಬೇರೆ ದಾರಿಗಳೂ ಸಲೀಸಲ್ಲ. ಬೀಸುಬಲೆ ಬಂಡೆಗೆ ಸಿಕ್ಕಿ ಹರಿಯುತ್ತದೆ. ಅಡ್ಡ ಕಟ್ಟುವ ಗಿಲ್‌ನೆಟ್ ತನ್ನ ಕಣ್ಣಿಗೆ ಹೊಂದುವ ಗಾತ್ರದ ಮೀನನ್ನೇ ಆರಿಸುತ್ತದೆ, ಸಿಕ್ಕದ್ದನ್ನು ಕೊಲ್ಲುತ್ತದೆ. ಅಳಿವಿನಂಚಿನ ಮೀನನ್ನು ಎಣಿಸಲು ಅದು ಸಲ್ಲ. ನೀರಿಗೆ ವಿದ್ಯುತ್ ಹಾಯಿಸಿ ಮೀನಿಗೆ ಮಂಪರು ಬರಿಸುವ ಉಪಾಯ ತೆಳುನೀರಿನ ತೊರೆಗೆ ಸರಿ, ಆಳಕ್ಕೆ ಮುಟ್ಟದು. ಹೀಗೆ ಹವ್ಯಾಸಿಗಳ ದಿನಚರಿಯೇ ವಿಜ್ಞಾನಕ್ಕೆ ದೊರೆತ ಬಹು ದೊಡ್ಡ ಮಾದರಿಯಾಯಿತು.

ಆ ಮಾದರಿ ಹೇಳಿದ್ದು ಮೊದಲಿಗೆ ಹಿತವಾದ ಸುದ್ದಿ. ವರ್ಷದಿಂದ ವರ್ಷಕ್ಕೆ ಗಂಟೆಗೆ ಸಿಗುವ ಮೀನು ಹೆಚ್ಚುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಮರಿಗಳು ಬರುತ್ತಿವೆ, ಸಂತತಿ ಬೆಳೆಯುತ್ತಿದೆ ಎಂದರ್ಥ. ಆದರೆ ಮೀನುಗಳನ್ನು ನೀಲಿ ರೆಕ್ಕೆಯವು, ಉಬ್ಬು ಬೆನ್ನಿನವು ಎಂದು ಬಿಡಿಸಿ ಓದಿದಾಗ ಚಿತ್ರ ತಲೆಕೆಳಗಾಯಿತು. ಏರಿಕೆಯೆಲ್ಲ ಹೊರಗಿನಿಂದ ತಂದ ನೀಲಿ ರೆಕ್ಕೆಯದು. ಉಬ್ಬು ಬೆನ್ನಿನ ಮೀನು ಗಾಳಕ್ಕೆ ಬರುವುದು ವಿರಳವಾಗುತ್ತ ಹೋಗಿತ್ತು, ಬಂದವು ದೊಡ್ಡವೇ, ಮುದಿಯವೇ. ಮರಿಗಳಿಲ್ಲದ ಮನೆ. ಒಟ್ಟು ಸಂಖ್ಯೆ ಏರುತ್ತಿದ್ದ ಅದೇ 15 ವರ್ಷಗಳಲ್ಲಿ ಕಾವೇರಿಯ ಸ್ವಂತ ಮೀನು ಕಣ್ಮರೆಯ ದಾರಿ ಹಿಡಿದಿತ್ತು.

ಇಷ್ಟಾಗಿಯೂ ಆ ಮೀನಿನ ವೈಜ್ಞಾನಿಕ ಹೆಸರು ಗೊತ್ತಾಗಿರಲಿಲ್ಲ, ಹೆಸರಿಲ್ಲದ್ದು ಅಪಾಯದ ಪಟ್ಟಿಗೆ ಸೇರುವುದಿಲ್ಲ. 2018ರಲ್ಲಿ ಪಿಂಡರ್, ರಾಘವನ್, ನೀಲೇಶ್ ದಹಾನುಕರ್ ಮೊದಲಾದವರು ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ದೇಹಲಕ್ಷಣ ಮತ್ತು ಡಿಎನ್‌ಎ ಹೋಲಿಸಿ, ಇದು ಕೇರಳದ ಪಾಂಬಾರ್‌ನಿಂದ ಮೊದಲೇ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಎಂದು ತೋರಿಸಿದರು. ಪಾಂಬಾರ್ ಕೂಡ ಕಾವೇರಿ ಕಣಿವೆಯ ತೊರೆಯೇ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮತ್ಸ್ಯಶಾಸ್ತ್ರಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅತಿ ಗಂಭೀರ ಅಪಾಯದ ವರ್ಗಕ್ಕೆ ಸೇರಿತು. ಅಷ್ಟರಲ್ಲಿ ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ನೆಲೆಯಲ್ಲಿ ಶಿಬಿರಗಳ ಗಾಳ 2012ಕ್ಕೆ ನಿಂತಿತ್ತು. ಕಾನೂನಿನ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಗಾಳದ ಜೊತೆ ದಿನಚರಿಯೂ ನಿಂತಿತು. ಅದರ ಜಾಗಕ್ಕೆ ಬೇರೊಂದು ಎಣಿಕೆಯನ್ನು ಅಂದೇ ಆರಂಭಿಸಬೇಕಿತ್ತು.

ಈ ಕಥೆಗೆ ನಾವಿರುವ ಬೆಂಗಳೂರಿನ ಪಶ್ಚಿಮ ಭಾಗ ಹೊರಗಿನದಲ್ಲ. ಮಲ್ಲೇಶ್ವರ, ಬಸವನಗುಡಿಗಳ ಎತ್ತರದಲ್ಲಿ ಹುಟ್ಟುವ ವೃಷಭಾವತಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಚರಂಡಿ ನೀರನ್ನೆಲ್ಲ ಹೊತ್ತು ನಾಯಂಡಹಳ್ಳಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಗಾಳಿಬೋರೆ ಇರುವುದು ಸಂಗಮಕ್ಕಿಂತ ಮೇಲೆ. ಆ ದಿನಚರಿಯಲ್ಲಿ ನಮ್ಮ ನೀರಿನ ಗುರುತು ಇರಲಾರದು. ಸಂಗಮದಿಂದ ಕೆಳಗೆ, ಮೇಕೆದಾಟಿನ ಕಡೆಗಿನ ಮಡುಗಳಿಗೆ ಹೋಗುವುದು ಮಾತ್ರ ನಮ್ಮ ಮನೆಗಳ ನೀರೇ.

ನಾರಾಯಣರಾವ್ ಅವರ ಪರಂಪರೆಯ ಪ್ರಾಣಿಶಾಸ್ತ್ರ ವಿಭಾಗ ಬೆಂಗಳೂರು ವಿಶ್ವವಿದ್ಯಾಲಯದ ಜೊತೆ ಬಂದು ನೆಲೆನಿಂತದ್ದು ಇದೇ ವೃಷಭಾವತಿಯ ಮಗ್ಗುಲಿನ ಜ್ಞಾನಭಾರತಿಯಲ್ಲಿ. ಹೊಳೆಯ ಮೇಲಿನ ನಿಗಾ ಈಗ ನೀರಿನ ರಸಾಯನದ ಭಾಷೆಯಲ್ಲಿ ನಡೆಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ನೀರು ‘ಡಿ’ ವರ್ಗ: ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ, 1.2 ಮಿಲಿಗ್ರಾಂ ಮೀರದ ಮುಕ್ತ ಅಮೋನಿಯಾ. ನೊರೆ ಉಕ್ಕಿಸಿಕೊಂಡು ಹರಿಯುವ ವೃಷಭಾವತಿ ಆ ಮಟ್ಟದಿಂದ ಬಲು ದೂರ. ರಸಾಯನದ ಅಂಕಿ ಬೇಕು, ಆದರೆ ಅದು ಬಾಟಲಿ ತುಂಬಿದ ಆ ಗಳಿಗೆಯದು. ಮೀನು ವರ್ಷಗಳ ದಾಖಲೆ.

ಹಾಗಾಗಿ ಕೆಲಸ ಆರಂಭವಾಗಬೇಕಾದ ಜಾಗ ಸಂಗಮ. ಅರ್ಕಾವತಿ ಸೇರುವುದಕ್ಕಿಂತ ಮೇಲೆ ಒಂದಿಷ್ಟು ಮಡು, ಕೆಳಗೆ ಅಷ್ಟೇ ಮಡು, ಮುಂಗಾರಿಗೆ ಮೊದಲು ಮತ್ತು ನಂತರ, ಪ್ರತಿ ವರ್ಷ ಅದೇ ತಾಣಗಳಲ್ಲಿ. ಮೀನನ್ನು ಮುಟ್ಟಲೂ ಬೇಕಿಲ್ಲ: ನೀರನ್ನು ಸೋಸಿ, ಅದರಲ್ಲಿ ಮೀನು ಬಿಟ್ಟುಹೋದ ಡಿಎನ್‌ಎ ಹುಡುಕುವ ವಿಧಾನ ಈಗ ಬಳಕೆಯಲ್ಲಿದೆ. ಅದು ರೆಮಾದೇವಿಯನ್ನೂ ಖುದ್ರೀಯನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲುದು, ಆದರೆ ಎಷ್ಟು ಮೀನು, ಎಷ್ಟು ಮರಿ ಎಂದು ಹೇಳದು. ಅದಕ್ಕೆ ಅನುಮತಿ ಪಡೆದ ಸಂಶೋಧಕರ ಗಾಳವೇ ಬೇಕು, ಜೊತೆಗೆ ಯಾವ ಬಂಡೆಯ ನೆರಳಿನಲ್ಲಿ ಯಾವ ತಿಂಗಳು ಮೀನು ನಿಲ್ಲುತ್ತದೆಂದು ಬಲ್ಲ ಹರಿಗೋಲಿನವರು ಬೇಕು. ಆ ಶಿಬಿರಗಳಲ್ಲಿ ರಾಗಿ ಉಂಡೆ ಕಟ್ಟಿದ ಕೈಗಳಿಗೆ ಈಗ ವಯಸ್ಸಾಗುತ್ತಿದೆ.