ಸೊನ್ನೆ ಬೈಟಿನ ಕ್ಯಾಸೆಟ್ ಪೆಟ್ಟಿಗೆ

ಅಪ್ಪಯ್ಯನ ಬಳಿ ಯಕ್ಷಗಾನದ ನೂರ ನಲವತ್ತು ಕ್ಯಾಸೆಟ್‌ಗಳಿದ್ದವು. ಅರ್ಧ ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ, ಇನ್ನರ್ಧ ಸೀರೆ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ. ಪ್ರಸಂಗ, ಭಾಗವತರು, ಇಸವಿ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಆ ಅಕ್ಷರ ಓದಲು ಬರುತ್ತಿದ್ದುದು ಅವರೊಬ್ಬರಿಗೇ. 2001ರ ಮಳೆಗಾಲದಲ್ಲಿ ಊರಿಗೆ ಹೋದಾಗ ಪಟ್ಟಿ ಮಾಡಿಕೊಡುತ್ತೇನೆ ಎಂದೆ. ಎಕ್ಸೆಲ್‌ನಲ್ಲಾದರೆ ಒಂದು ಭಾನುವಾರದ ಕೆಲಸ. ನಾನು ಬೀಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾಡಹೊರಟೆ. ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬೀಓಎಸ್ ಮಾಡಿದ ಕಂಪನಿಯೇ ಮಾರಾಟವಾಗಿ ಹೋಗಿತ್ತು.

ಆ ಕಂಪನಿಯದೂ ಒಂದು ಪ್ರಸಂಗವೇ. ಆಪಲ್ ಬಿಟ್ಟು ಹೊರಬಂದ ಫ್ರಾನ್ಸಿನ ಝಾನ್ ಲೂಯಿ ಗಸ್ಸೆ 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಬೀ’ ಕಟ್ಟಿದರು. ಹಳೆಯ ಸಾಫ್ಟ್‌ವೇರಿನ ಹೊರೆಯೇ ಇಲ್ಲದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಬುಡದಿಂದ ಬರೆಯಬೇಕೆಂಬ ಹಟ. 1995ರಲ್ಲಿ ಬೀಬಾಕ್ಸ್ ಬಂತು. ಒಳಗೆ ಎರಡು ಪವರ್‌ಪಿಸಿ ಪ್ರೊಸೆಸರ್, ಮುಂದೆ ಎರಡು ಸಾಲು ದೀಪ. ಯಾವ ಪ್ರೊಸೆಸರ್ ಎಷ್ಟು ದುಡಿಯುತ್ತಿದೆಯೋ ಅದರ ಸಾಲಿನ ದೀಪ ಅಷ್ಟೆತ್ತರಕ್ಕೆ ಏರುತ್ತಿತ್ತು. ಅಂಥವು ಎರಡು ಸಾವಿರವೂ ತಯಾರಾಗಲಿಲ್ಲ. 1996ರಲ್ಲಿ ಆಪಲ್‌ಗೇ ಹೊಸ ಸಿಸ್ಟಮ್ ಬೇಕಾಗಿ ಬೀ ಜತೆ ಮಾತುಕತೆ ನಡೆಯಿತು. ಬೆಲೆ ಕುದುರಲಿಲ್ಲ. ಡಿಸೆಂಬರಿನಲ್ಲಿ ಆಪಲ್ ಸುಮಾರು 40 ಕೋಟಿ ಡಾಲರ್ ಕೊಟ್ಟು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಕೊಂಡಿತು. 2001ರಲ್ಲಿ ಬೀಯ ಸೊತ್ತೆಲ್ಲ 1.1 ಕೋಟಿ ಡಾಲರಿಗೆ ಪಾಮ್ ಎಂಬ ಕಂಪನಿಯ ಪಾಲಾಯಿತು. ಆಮೇಲೆ ಬೀ ಮೈಕ್ರೋಸಾಫ್ಟ್ ಮೇಲೆ ಹೂಡಿದ ದಾವೆ 2003ರಲ್ಲಿ ರಾಜಿಯಾದಾಗ ಸಿಕ್ಕಿದ್ದು 2.3 ಕೋಟಿ ಡಾಲರಿಗೂ ಹೆಚ್ಚು. ಅಂಗಡಿಗಿಂತ ಅಂಗಡಿಯ ವ್ಯಾಜ್ಯಕ್ಕೇ ಎರಡು ಪಟ್ಟು ಬೆಲೆ!

ನನಗೆ ಬೀಓಎಸ್ ಸಿಕ್ಕಿದ್ದು ಕಂಪ್ಯೂಟರ್ ಪತ್ರಿಕೆಯೊಂದರ ಜತೆ ಬಂದ ಸಿ.ಡಿ.ಯಲ್ಲಿ. 2000ರ ಮಾರ್ಚಿನಲ್ಲಿ ಬೀಯವರು ಐದನೆಯ ಆವೃತ್ತಿಯನ್ನು ಮನೆಬಳಕೆಗೆ ಪುಕ್ಕಟೆ ಬಿಟ್ಟಿದ್ದರು. ಡಿಸ್ಕ್ ಒಡೆದು ಭಾಗ ಮಾಡುವ ತಾಪತ್ರಯವಿಲ್ಲ. ವಿಂಡೋಸ್ ಒಳಗೇ ಸುಮಾರು 500 ಎಂ.ಬಿ.ಯ ಒಂದು ಫೈಲಾಗಿ ಕೂರುತ್ತಿತ್ತು, ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿದ ಹಾಗೆ. ಪ್ರತಿ ಕಿಟಕಿಗೂ ಅದರದೇ ಥ್ರೆಡ್. ಒಂದು ಕಿಟಕಿ ಏನನ್ನೋ ಲೆಕ್ಕ ಹಾಕುತ್ತ ಕೂತರೂ ಪಕ್ಕದ್ದು ಕಾಯುತ್ತಿರಲಿಲ್ಲ. 64 ಎಂ.ಬಿ. ಮೆಮೊರಿಯ ನನ್ನ ಯಂತ್ರದಲ್ಲಿ ಕ್ಯಾಸೆಟ್ ರೆಕಾರ್ಡ್ ಮಾಡುವಾಗ ವಿಂಡೋಸ್‌ನಲ್ಲಿ ಮೌಸ್ ಅಲ್ಲಾಡಿಸಿದರೆ ಚಂಡೆ ತುಂಡಾಗುತ್ತಿತ್ತು, ಇಲ್ಲಿ ಆಗುತ್ತಿರಲಿಲ್ಲ. ಬರೆದವರಿಗೆ ಚೇಷ್ಟೆಯೂ ಇತ್ತು. ಪ್ರೋಗ್ರಾಮರುಗಳಿಗೆಂದು ಕೊಟ್ಟ ಫಂಕ್ಷನ್‌ಗಳಲ್ಲಿ ‘ಕಂಪ್ಯೂಟರ್ ಆನ್ ಆಗಿದೆಯೇ’ ಎಂದು ಕೇಳುವುದೊಂದು. ಆನ್ ಆಗಿದ್ದರೆ 1 ಎಂದು ಉತ್ತರ.

ನನ್ನನ್ನು ಹಿಡಿದು ಕೂರಿಸಿದ್ದು ಅದರ ಫೈಲ್ ಸಿಸ್ಟಮ್. ಡೊಮಿನಿಕ್ ಜಿಯಾಂಪಾವೊಲೊ ಮತ್ತು ಸಿರಿಲ್ ಮ್ಯೂರಿಯೋನ್ ಬರೆದದ್ದು. ಅದರಲ್ಲಿ ಯಾವ ಫೈಲಿಗೆ ಬೇಕಾದರೂ ನಮಗೆ ಬೇಕಾದ ಗುಣಗಳನ್ನು ಚೀಟಿಯಂತೆ ಅಂಟಿಸಬಹುದು, ಆ ಚೀಟಿಯ ಮೇಲೇ ಹುಡುಕಬಹುದು. ವಿಳಾಸಪುಸ್ತಕದ ಪ್ರತಿಯೊಬ್ಬ ಮನುಷ್ಯನೂ ಅಲ್ಲಿ ಒಂದು ಖಾಲಿ ಫೈಲು. ಹೆಸರು, ಫೋನ್ ಎಲ್ಲ ಚೀಟಿಯಲ್ಲಿ. ಹಾಗಾದರೆ ಒಂದು ಕ್ಯಾಸೆಟ್ಟಿಗೂ ಒಂದು ಖಾಲಿ ಫೈಲು ಸಾಕಲ್ಲ? ಅಪ್ಪಯ್ಯನಿಗೆ ತೋರಿಸಿದೆ. ಗಾತ್ರದ ಕಾಲಮ್ಮಿನಲ್ಲಿ ಸಾಲಾಗಿ ಸೊನ್ನೆ ಕಂಡು, “ಖಾಲಿ ಡಬ್ಬಿಗೆ ಚೀಟಿ ಅಂಟಿಸಿದ ಹಾಗಾಯ್ತಲ್ಲ ಮಾರಾಯ” ಎಂದರು.

ಅವರು ಓದಿ ಹೇಳಿದರು, ನಾನು ಕುಟ್ಟಿದೆ. ನೂರ ನಲವತ್ತೂ ಮುಗಿದ ರಾತ್ರಿ ಭಾಗವತರ ಹೆಸರಿನ ಜಾಗದಲ್ಲಿ ಕಾಳಿಂಗ ನಾವಡ ಎಂದು ಹಾಕಿ ಹುಡುಕಿದರೆ ಒಂದೂ ಬರಲಿಲ್ಲ. ಹುಡುಕಾಟ ನಡೆಯಬೇಕಾದರೆ ಆ ಗುಣಕ್ಕೊಂದು ಇಂಡೆಕ್ಸ್ ಇರಬೇಕು ಎಂಬುದನ್ನು ನಾನು ಓದಿರಲಿಲ್ಲ. ಇಂಡೆಕ್ಸ್ ಮಾಡಿದೆ. ಆಗಲೂ ಸೊನ್ನೆ. ಇಂಡೆಕ್ಸ್ ಹುಟ್ಟಿದ ಮೇಲೆ ಬರೆದದ್ದು ಮಾತ್ರ ಅದರ ಲೆಕ್ಕಕ್ಕೆ. ಮೊದಲಿನದನ್ನು ಅದು ತಿರುಗಿಯೂ ನೋಡದು. ಇದ್ದ ಚೀಟಿಯನ್ನೇ ಓದಿ, ಅದನ್ನೇ ಮತ್ತೆ ಬರೆಯುವ ನಲವತ್ತು ಸಾಲಿನ ಪ್ರೋಗ್ರಾಮ್ ಬರೆಯಬೇಕಾಯಿತು. ಓಡಿಸಿದಾಗ ಮೂವತ್ತೆರಡು ನಾವಡರು ಒಮ್ಮೆಗೇ ಕಿಟಕಿ ತುಂಬಿದರು. ಅದರ ಮೇಲೆ ಗುಂಡಿ, ಪಟ್ಟಿ ಎಲ್ಲ ಕಟ್ಟಿ ‘ಪೆಟ್ಟಿಗೆ’ ಎಂದು ಹೆಸರಿಟ್ಟೆ. ಬಳಕೆದಾರರು ಇಬ್ಬರು, ಅಪ್ಪಯ್ಯ ಮತ್ತು ನಾನು. ಆಮೇಲೊಮ್ಮೆ ಪ್ರತಿಯೊಂದಿರಲಿ ಎಂದು ವಿಂಡೋಸ್ ಡಿಸ್ಕಿಗೆ ನಕಲು ಮಾಡಿದರೆ ಅಲ್ಲಿ ಚೀಟಿಗಳೆಲ್ಲ ಉದುರಿ ಬರೀ ಫೈಲಿನ ಹೆಸರು ಉಳಿಯಿತು. ಬೀಓಎಸ್‌ನಲ್ಲೇ ಜಿಪ್ ಮಾಡಿ ಸಾಗಿಸಬೇಕೆಂದು ಕಲಿತದ್ದು ಹಾಗೆ.

ಬೀ ಹೋದ ವರ್ಷವೇ ಒಂದಷ್ಟು ಜನ ಬೀಓಎಸ್ ಅನ್ನು ಮೊದಲಿನಿಂದ ಮತ್ತೆ ಬರೆಯಲು ಕೂತರು. ಮೊದಲ ಹೆಸರು ಓಪನ್‌ಬೀಓಎಸ್. ‘ಬೀ’ ಎಂಬ ಹೆಸರು ಪಾಮ್‌ನ ಸೊತ್ತಾಗಿದ್ದರಿಂದ 2004ರಲ್ಲಿ ಹೈಕು ಎಂದಾಯಿತು. ಬೀಓಎಸ್‌ನ ಬ್ರೌಸರ್ ಪುಟ ಸಿಗದಿದ್ದಾಗ ದೋಷವನ್ನು ಹೈಕು ಪದ್ಯದಲ್ಲಿ ಹೇಳುತ್ತಿತ್ತು, ಅದರ ನೆನಪಿಗೆ. ಮೊದಲ ಆಲ್ಫಾ 2009ರಲ್ಲಿ, ಮೊದಲ ಬೀಟಾ 2018ರಲ್ಲಿ, ಐದನೆಯ ಬೀಟಾ 2024ರಲ್ಲಿ. ಯಾರಿಗೂ ಅವಸರವಿಲ್ಲ. ಜಿಯಾಂಪಾವೊಲೊ ಅಷ್ಟರಲ್ಲಿ ಆಪಲ್ ಸೇರಿ ಅಲ್ಲಿ ಸ್ಪಾಟ್‌ಲೈಟ್ ಹುಡುಕಾಟದ ಕೆಲಸ ಮಾಡಿದ್ದರು.

ಹೈಕು ಮಂದಿಯ ಒಂದು ಹಟಕ್ಕೆ ನಾನು ಋಣಿ. ಬೀಓಎಸ್‌ನ ಹಳೆಯ ಪ್ರೋಗ್ರಾಮುಗಳು ಹಾಗೇ ಓಡಬೇಕೆಂದು 32 ಬಿಟ್ ಆವೃತ್ತಿಗೆ ಜಿಸಿಸಿ 2.95 ಎಂಬ ಅಜ್ಜನ ಕಾಲದ ಕಂಪೈಲರನ್ನು ಬಿಡದೆ ಇಟ್ಟುಕೊಂಡಿದ್ದಾರೆ. ಆಮೇಲಿನ ಕಂಪೈಲರುಗಳು ಸಿ ಪ್ಲಸ್ ಪ್ಲಸ್ ಫಂಕ್ಷನ್‌ಗಳಿಗೆ ಬೇರೆ ಥರದ ಒಳಹೆಸರು ಕೊಡುತ್ತವೆ. ಹಳೆಯ ಪ್ರೋಗ್ರಾಮು ಕೂಗಿದರೆ ಓಗೊಡುವವರಿರುವುದಿಲ್ಲ. 2018ರ ಬೀಟಾವನ್ನು ಹಳೆಯ ಲ್ಯಾಪ್‌ಟಾಪಿಗೆ ಹಾಕಿ ಜಿಪ್ ಬಿಚ್ಚಿ ‘ಪೆಟ್ಟಿಗೆ’ ಮೇಲೆ ಒತ್ತಿದೆ. ತೆರೆಯಿತು. ಒಂದಕ್ಷರ ತಿದ್ದಿರಲಿಲ್ಲ.

ಅಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಈಗಲಾದರೂ ಕನ್ನಡಕ್ಕೆ ತರೋಣವೆಂದು ಕೆ.ಪಿ. ರಾವ್ ಕೀಲಿವಿನ್ಯಾಸದ ಒಂದು ಫಿಲ್ಟರ್ ಬರೆದೆ. ವ್ಯಂಜನದ ಹಿಂದೆಯೇ ‘ಇ’ ಒತ್ತಿದರೆ ಗುಡಿಸು ಕೊಡಬೇಕು, ಅಷ್ಟೆ ಅದರ ಕೆಲಸ, ಚೆನ್ನಾಗಿಯೇ ಮಾಡಿತು. ಆದರೆ ಹೈಕು ಅಕ್ಷರಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಡುತ್ತದೆ, ಕೂಡಿಸುವುದಿಲ್ಲ. ಗದಾಪರ್ವ ಎಂದು ಒತ್ತಿದರೆ ಪರದೆಯಲ್ಲಿ ಗದಾಪರ್‌ವ. ಅರ್ಕಾವೊತ್ತು ಏಳಲೇ ಇಲ್ಲ. ಒಂದು ಸಂಜೆ ಅದನ್ನೇ ನೋಡುತ್ತ ಕೂತು, ಇಂಗ್ಲಿಷ್ ಅಕ್ಷರವನ್ನೇ ಉಳಿಸಿದೆ.

ಹನ್ನೊಂದು ಕ್ಯಾಸೆಟ್ಟುಗಳ ಭಾಗವತರ ಜಾಗದಲ್ಲಿ ಈಗಲೂ ಪ್ರಶ್ನಾರ್ಥಕ ಚಿಹ್ನೆಯಿದೆ. ಪೆನ್ಸಿಲ್ ಮಾಸಿದವು. ಒಮ್ಮೆ ಹಾಕಿ ಕೇಳಿದರೆ ಗೊತ್ತಾಗುತ್ತದೆ ಎಂದಿದ್ದರು ಅಪ್ಪಯ್ಯ. ಟೇಪ್‌ರೆಕಾರ್ಡರಿನ ಬೆಲ್ಟ್ ಹರಿದಿತ್ತು.